ಹಿಮಗಡ್ಡೆಯ ಕೆಳಗೆ ಜಾರಿದ ಗಾಳ

(ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನನಗಿಂತ ಮೊದಲು ಮಾತನಾಡಿದವರೆಲ್ಲ ವಿದ್ವಾಂಸರು. ನಾನು ಮೆಟ್ರಿಕ್‌ವರೆಗೆ ಓದಿದವನು, ಮಿಲ್ಲಿನ ಗುಮಾಸ್ತ. ವಾರದಲ್ಲಿ ಮೂರು ಸಂಜೆ ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸಿಡುವುದೇ ನನ್ನ ಸಾಹಿತ್ಯ ಸೇವೆ. ಕಾರ್ಯದರ್ಶಿಗಳು "ಈ ಸಲ ನೀವೇ ಮಾತನಾಡಬೇಕು" ಎಂದು ಹಟ ಹಿಡಿದಾಗ, ನನಗೆ ತಿಳಿದ ಒಂದು ಸಣ್ಣ ಸಂಗತಿಯನ್ನಷ್ಟೇ ಹೇಳುವೆನೆಂದು ಒಪ್ಪಿಕೊಂಡೆ.

ಆ ಸಂಗತಿ ನನಗೆ ಸಿಕ್ಕಿದ್ದು ಹೀಗೆ. ನಮ್ಮ ಸಂಘದ ಸದಸ್ಯರೊಬ್ಬರ ಮಗ ಅಮೇರಿಕದ ಮಿನ್ನೆಸೋಟ ರಾಜ್ಯದಲ್ಲಿ ನೌಕರಿಯಲ್ಲಿದ್ದಾನೆ. ರಜೆಯಲ್ಲಿ ಬಂದಾಗ ಇದೇ ಮೇಜಿನ ಹತ್ತಿರ ಕುಳಿತು, ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋಗಿ ತಾನು ಕಳೆದುಕೊಂಡ ಗಾಳದ ಕೋಲಿನ ಕಥೆ ಹೇಳಿದ. ನಾನು ಹುಟ್ಟಿದಾಗಿನಿಂದ ಮೀನು ತಿಂದವನಲ್ಲ, ಹಿಮವನ್ನು ಕಣ್ಣಾರೆ ಕಂಡವನೂ ಅಲ್ಲ. ಆದರೂ ಆ ಕಥೆ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಮೊದಲು ಆ ದೇಶದ ಚಿತ್ರ ನಿಮ್ಮ ಕಣ್ಣೆದುರು ಬರಬೇಕು. ಮಿನ್ನೆಸೋಟದಲ್ಲಿ ಹತ್ತು ಎಕರೆಗೆ ಕಡಿಮೆಯಿಲ್ಲದ ಸರೋವರಗಳೇ ೧೧,೮೪೨ ಇವೆ. ಚಳಿಗಾಲದಲ್ಲಿ ಅವೆಲ್ಲ ಮೇಲೆ ಗಟ್ಟಿಯಾಗುತ್ತವೆ. ಜನರು ಅದರ ಮೇಲೆ ನಡೆದು ಹೋಗಿ, ಬೈರಿಗೆಯಂಥ ದೊಡ್ಡ ಯಂತ್ರದಿಂದ ಎಂಟು ಹತ್ತು ಅಂಗುಲ ಅಗಲದ ತೂತು ಕೊರೆದು, ಅದರೊಳಗೆ ಗಾಳ ಇಳಿಬಿಟ್ಟು, ಪೀಠ ಹಾಕಿಕೊಂಡು ಕುಳಿತುಕೊಳ್ಳುತ್ತಾರೆ. ಕೆಲವರು ಚಿಕ್ಕ ಗುಡಿಸಲನ್ನೇ ಎಳೆದುಕೊಂಡು ಹೋಗುತ್ತಾರೆ. ಕೆನಡಾ, ಫಿನ್ಲಂಡ್, ರಷ್ಯಗಳಲ್ಲಿಯೂ ಈ ರೂಢಿ ಉಂಟು.

ಸರೋವರ ತಳದವರೆಗೂ ಏಕೆ ಗಡ್ಡೆಕಟ್ಟುವುದಿಲ್ಲ ಎಂದು ನೀವು ಕೇಳಬಹುದು. ನೀರು ನಾಲ್ಕು ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಭಾರವಾಗಿರುತ್ತದೆ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ಉಳಿದು ಗಡ್ಡೆಯಾಗುತ್ತದೆ. ಕೆಳಗಿನ ನೀರಿಗೆ ಆ ಗಡ್ಡೆಯೇ ಕಂಬಳಿ. ಮೀನುಗಳು ಅದರಡಿಯಲ್ಲಿ ಬದುಕಿರುತ್ತವೆ. ಗಡ್ಡೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನಲ್ಲಿ ಮುಳುಗಿರುವುದರಿಂದ, ಹತ್ತು ಅಂಗುಲದ ಗಡ್ಡೆಯಲ್ಲಿ ತೂತು ಕೊರೆದರೆ ನೀರು ಅಂಚಿಗಿಂತ ಒಂದು ಅಂಗುಲ ಕೆಳಗೆ ಬಂದು ನಿಲ್ಲುತ್ತದೆ. ಅಂದರೆ ತೂತು ಒಂದು ಸಣ್ಣ ಬಾವಿ. ಬಾವಿ ಎಂದ ಮೇಲೆ ಅದರೊಳಗೆ ಸಾಮಾನು ಬೀಳುವುದೂ ಸಹಜವೇ.

ಏನೇನು ಬೀಳುತ್ತದೆ? ಕೈಗವಸು ತೊಟ್ಟ ಮರಗಟ್ಟಿದ ಬೆರಳುಗಳಿಂದ ಚಾಕು, ಇಕ್ಕಳ, ಮೊಬೈಲು ಜಾರುತ್ತವೆ. ತೂತಿನ ಅಂಚಿನಲ್ಲಿ ಒರಗಿಸಿಟ್ಟ ಗಾಳದ ಕೋಲನ್ನು ದೊಡ್ಡ ಮೀನೊಂದು ಒಂದೇ ಎಳೆತಕ್ಕೆ ಒಳಗೆ ಸೆಳೆದುಕೊಂಡು ಹೋಗುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದೇ. ಚಹದ ಬಟ್ಟಲು ತುಂಬಲು ತಿರುಗಿದ್ದನಂತೆ. ಮತ್ತೆ ನೋಡುವಾಗ ಕೋಲು ಇದ್ದ ಜಾಗದಲ್ಲಿ ಕೋಲಿಲ್ಲ.

ಇಂಥ ಹೊತ್ತಿನಲ್ಲಿ ಮಾಡತಕ್ಕದ್ದೇನು? ಅನುಭವಸ್ಥರ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಗಾಬರಿಯಾಗಿ ತೂತಿನೊಳಗೆ ಕೈ ಹಾಕಿ ತಡಕಾಡಬಾರದು. ಹಾಗೆ ಮಾಡಿದರೆ ಕೈ ಮರಗಟ್ಟುತ್ತದೆ, ಅಂಗಿಯ ತೋಳು ನೆನೆಯುತ್ತದೆ, ಸಾಮಾನು ಮಾತ್ರ ಸಿಗುವುದಿಲ್ಲ. ತೂತಿನ ಗುರುತು ಇಟ್ಟುಕೊಳ್ಳಬೇಕು. ಕಡು ಚಳಿಯ ರಾತ್ರಿಯಲ್ಲಿ ಅದು ಬೆಳಗಾಗುವುದರೊಳಗೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಎರಡನೆಯದು, ಬಿದ್ದ ವಸ್ತು ಮುಳುಗುವುದೋ ತೇಲುವುದೋ ಎಂದು ವಿಚಾರ ಮಾಡಬೇಕು. ಹರಿವಿಲ್ಲದ ಸರೋವರದಲ್ಲಿ ಭಾರವಾದ ವಸ್ತು ಹೆಚ್ಚು ಕಡಿಮೆ ನೇರವಾಗಿ ತಳ ಸೇರುತ್ತದೆ. ಹೊಳೆಯಾದರೆ ಹರಿವು ಅದನ್ನು ಪಕ್ಕಕ್ಕೆ ಒಯ್ಯುತ್ತದೆ. ತೇಲುವ ವಸ್ತು ತೂತಿನಿಂದ ಸ್ವಲ್ಪ ಸರಿದರೆ ಸಾಕು, ಗಡ್ಡೆಯ ತಳಮೈಗೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ಅದನ್ನು ಸರೋವರದ ತಳದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಮೂರನೆಯದು, ನೋಡುವುದು. ಮೀನನ್ನು ನೋಡಲೆಂದು ನೀರಿನೊಳಗೆ ಇಳಿಬಿಡುವ ಚಿಕ್ಕ ಕ್ಯಾಮರಾಗಳು ಈಗ ಅಲ್ಲಿ ಹಲವರ ಬಳಿ ಇವೆ. ಮೊದಲ ತೂತಿನ ಪಕ್ಕದಲ್ಲಿ ಇನ್ನೊಂದು ಕೊರೆದು, ಒಂದರಲ್ಲಿ ಕ್ಯಾಮರಾ, ಇನ್ನೊಂದರಲ್ಲಿ ಕೊಕ್ಕೆ ಇಳಿಸುತ್ತಾರೆ. ಒಬ್ಬನು ಪರದೆ ನೋಡಿ "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಾನೆ; ಮತ್ತೊಬ್ಬನು ಹಗ್ಗ ಆಡಿಸುತ್ತಾನೆ. ಇದು ಇಬ್ಬರ ಕೆಲಸ.

ನಾಲ್ಕನೆಯದು, ಹಿಡಿಯುವ ಸಾಧನ. ಕಬ್ಬಿಣದ ಸಾಮಾನಿಗೆ ಅಯಸ್ಕಾಂತ ಸಾಕು. ೧೯೮೦ರ ದಶಕದಲ್ಲಿ ಬಂದ ನಿಯೋಡಿಮಿಯಮ್ ಅಯಸ್ಕಾಂತ ಅಂಗೈಯಷ್ಟಿದ್ದರೂ ಬಲು ಬಲಶಾಲಿ. ಅದಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟರೆ ಉಕ್ಕಿನ ಇಕ್ಕಳ ತಾನೇ ಬಂದು ಕಚ್ಚಿಕೊಳ್ಳುತ್ತದೆ. ಆದರೆ ಹಿತ್ತಾಳೆ, ಸೀಸ, ಅಲ್ಯುಮಿನಿಯಮ್, ಪ್ಲಾಸ್ಟಿಕ್ಕುಗಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಇಂದಿನ ಗಾಳದ ಕೋಲುಗಳು ಬಹುಮಟ್ಟಿಗೆ ಗಾಜಿನ ನಾರು ಅಥವಾ ಇಂಗಾಲದ ನಾರಿನವು. ಅವುಗಳಿಗೆ ಬೇಕಾದುದು ಕೊಕ್ಕೆ. ಮೂರು ನಾಲ್ಕು ಮುಳ್ಳುಗಳ ಕೊಕ್ಕೆಗೆ ತೂಕ ಕಟ್ಟಿ, ತಳದವರೆಗೆ ಬಿಟ್ಟು, ಮೆಲ್ಲನೆ ಎಳೆಯುತ್ತ ಸುತ್ತ ಸವರಬೇಕು. ಕೋಲೇ ಸಿಗಬೇಕೆಂದಿಲ್ಲ, ಅದರಿಂದ ಬಿಚ್ಚಿಕೊಂಡ ದಾರ ಸಿಕ್ಕಿದರೂ ಸಾಕು. ದಾರ ಸಿಕ್ಕಿದ ಮೇಲೆ ಆತುರಪಡದೆ ಕೈಮೇಲೆ ಕೈಯಿಟ್ಟು ಸೆಳೆಯಬೇಕು. ಎಷ್ಟೋ ಸಲ ಕೋಲಿನ ಜೊತೆಗೆ ಮೀನೂ ಬರುವುದುಂಟಂತೆ.

ಹುಡುಗ ಈ ಕೊಕ್ಕೆಯ ಚಿತ್ರ ತೋರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಇದು ನಮ್ಮ ಪಾತಾಳಗರಡಿಯಲ್ಲವೇ!" ಎಂದೆ. ಇಲ್ಲಿರುವ ತಾಯಂದಿರು ಬಲ್ಲರು. ಹಗ್ಗ ಹರಿದು ಕೊಡ ಬಾವಿಗೆ ಬಿದ್ದರೆ, ಓಣಿಯಲ್ಲಿ ಯಾರ ಮನೆಯಲ್ಲಿ ಪಾತಾಳಗರಡಿ ಇದೆಯೋ ಅಲ್ಲಿಗೆ ಓಡುವುದು. ಕಬ್ಬಿಣದ ಬಳೆಗೆ ಸುತ್ತಲೂ ನೇತುಹಾಕಿದ ಆ ಕೊಕ್ಕೆಗಳನ್ನು ಇಳಿಬಿಟ್ಟು ಕೊಡದ ಕಂಠಕ್ಕೆ ಸಿಕ್ಕಿಸುವುದು. ಸಾವಿರಾರು ಮೈಲಿ ದೂರದಲ್ಲಿ, ಹಿಮದ ಮೇಲೆ ಮಂಡಿಯೂರಿದವನ ಕೈಯಲ್ಲಿಯೂ ಅದೇ ಉಪಾಯ. ಕಷ್ಟ ಒಂದೇ ಆದರೆ ಮನುಷ್ಯನ ಬುದ್ಧಿಯೂ ಒಂದೇ ದಾರಿ ಹಿಡಿಯುತ್ತದೆ.

ಕೆನಡಾದ ವಿನಿಪೆಗ್ ಸರೋವರದ ಬೆಸ್ತರ ಒಂದು ಜಾಣ್ಮೆಯನ್ನೂ ಹೇಳಬೇಕು. ಅವರು ಗಡ್ಡೆಯ ಕೆಳಗೆ ಉದ್ದನೆಯ ಬಲೆಯನ್ನೇ ಹಾಸುತ್ತಾರೆ. ಒಂದು ತೂತಿನಿಂದ ದೂರದ ಇನ್ನೊಂದಕ್ಕೆ ಹಗ್ಗ ದಾಟಿಸುವುದು ಹೇಗೆ? ಹಿಂದೆ ಉದ್ದನೆಯ ಗಳುವನ್ನು ತೂತಿನಿಂದ ತೂತಿಗೆ ದೂಡುತ್ತಿದ್ದರು. ಆಮೇಲೆ ಒಂದು ಹಲಗೆಯ ಸಾಧನ ಬಂತು. ಅದಕ್ಕೆ ಜಿಗ್ಗರ್ ಎನ್ನುತ್ತಾರೆ. ಹಲಗೆ ತೇಲಿ ಗಡ್ಡೆಯ ತಳಮೈಗೆ ಒತ್ತಿಕೊಂಡಿರುತ್ತದೆ. ಮೇಲಿನಿಂದ ಹಗ್ಗ ಜಗ್ಗಿದಾಗಲೆಲ್ಲ ಅದರ ಸನ್ನೆಯ ಮೊಳೆ ಗಡ್ಡೆಯನ್ನು ಕಚ್ಚಿ ಹಲಗೆಯನ್ನು ಮುಂದಕ್ಕೆ ದೂಡುತ್ತದೆ. ಇನ್ನೊಬ್ಬನು ಮೇಲೆ ನಡೆಯುತ್ತ, ಅದರ ಸದ್ದು ಕೇಳಿ, ನಿಂತಲ್ಲಿ ತೂತು ಕೊರೆದು ಹಗ್ಗ ಎತ್ತಿಕೊಳ್ಳುತ್ತಾನೆ.

ಕಳೆದುಹೋದದ್ದನ್ನು ಹುಡುಕಿ ತೆಗೆಯುವುದು ಬರಿಯ ದುಡ್ಡಿನ ಮಾತೂ ಅಲ್ಲ. ನೀರಿನಲ್ಲಿ ಉಳಿದ ಬಲೆ ಒಡೆಯನಿಲ್ಲದೆಯೇ ಮೀನು ಕೊಲ್ಲುತ್ತಲೇ ಇರುತ್ತದೆ. ಗಾಳದ ಸೀಸದ ಗುಂಡನ್ನು ನುಂಗಿ ಲೂನ್ ಎಂಬ ನೀರುಹಕ್ಕಿಗಳು ವಿಷವೇರಿ ಸಾಯುತ್ತವೆ. ಮೋಟಾರು ಗಾಡಿಯೇ ಗಡ್ಡೆ ಒಡೆದು ಮುಳುಗುವುದೂ ಉಂಟು. ಆಗ ಮುಳುಗುಗಾರರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯುತ್ತಾರೆ; ಏಕೆಂದರೆ ಗಡ್ಡೆಯ ಕೆಳಗೆ ಹೋದವನಿಗೆ ಹೊರಗೆ ಬರಲು ಇರುವ ಬಾಗಿಲು ಒಂದೇ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಹುಡುಗನಿಗೆ ಆ ದಿನ ಕೋಲು ಸಿಗಲಿಲ್ಲ. ಅದು ಅವನ ಮೊದಲ ಚಳಿಗಾಲದಲ್ಲಿ ಜೊತೆಗಾರರು ಕೊಟ್ಟ ಕಾಣಿಕೆ. ಮನಸ್ಸು ತಡೆಯದೆ ಕೆಲವು ದಿನ ಬಿಟ್ಟು, ಮಾರ್ಚ್ ತಿಂಗಳ ಬಿಸಿಲು ಏರುತ್ತಿದ್ದಾಗ, ಕೊಕ್ಕೆ ಹಿಡಿದು ಒಬ್ಬನೇ ಹೋದ. ಸ್ವಚ್ಛವಾದ ಹೊಸ ಗಡ್ಡೆ ನಾಲ್ಕು ಅಂಗುಲವಾದರೂ ಇಲ್ಲದೆ ಅದರ ಮೇಲೆ ಕಾಲಿಡಬಾರದೆಂದು ಅಲ್ಲಿಯ ಸರ್ಕಾರದ ಇಲಾಖೆ ಸಾರಿ ಹೇಳುತ್ತದೆ. ಬೆಳ್ಳಗಿನ, ಹಿಮ ಬೆರೆತ ಗಡ್ಡೆಯಾದರೆ ಇಮ್ಮಡಿ ಬೇಕು. ಬುಗ್ಗೆಯಿರುವಲ್ಲಿ, ತೊರೆ ಸೇರುವಲ್ಲಿ ಗಡ್ಡೆ ತೆಳುವಾಗಿರುತ್ತದೆ. ಚಳಿಗಾಲದ ಕೊನೆಗೆ ದಪ್ಪವಿದ್ದರೂ ಒಳಗೆ ಟೊಳ್ಳಾಗಿರುತ್ತದೆ. ದಡದಿಂದ ಸ್ವಲ್ಪ ದೂರದಲ್ಲಿಯೇ ಅವನ ಕಾಲಡಿ ಗಡ್ಡೆ ಕುಸಿಯಿತು. ಎದೆಯವರೆಗೆ ನೀರು.

ಕೆನಡಾದ ಮನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ತಣ್ಣೀರಿನಲ್ಲಿ ಮನುಷ್ಯನ ದೇಹ ಹೇಗೆ ವರ್ತಿಸುತ್ತದೆಂದು ಸ್ವತಃ ನೀರಿಗಿಳಿದು ಪರೀಕ್ಷಿಸಿದವರು. ಅವರು ಕಲಿಸುವ ಸೂತ್ರ ಒಂದು, ಹತ್ತು, ಒಂದು. ಬಿದ್ದ ಮೊದಲ ಒಂದು ನಿಮಿಷ ಉಸಿರನ್ನು ಹತೋಟಿಗೆ ತಂದುಕೊಳ್ಳಬೇಕು. ಮುಂದಿನ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ, ಅಷ್ಟರಲ್ಲಿ ಹೊರಬರಬೇಕು. ಎಚ್ಚರ ತಪ್ಪಲು ಸುಮಾರು ಒಂದು ಗಂಟೆ. ಬಂದ ದಾರಿಯ ಕಡೆಗೇ ತಿರುಗಿ, ಕಾಲು ಬಡಿದು, ಹೊಟ್ಟೆಯ ಮೇಲೆ ಜಾರಿ ಮೇಲೆ ಬಂದು, ಎದ್ದು ನಿಲ್ಲದೆ ಉರುಳಿಕೊಂಡು ದೂರ ಹೋಗಬೇಕು. ಹುಡುಗನ ಕೊರಳಲ್ಲಿ, ಗಡ್ಡೆಗೆ ಚುಚ್ಚಿ ಹಿಡಿಯುವ ಎರಡು ಮೊಳೆಹಿಡಿಗಳು ತೂಗುತ್ತಿದ್ದವು. ಅವುಗಳಿಂದ ಬದುಕಿ ಬಂದ. ತಂದೆತಾಯಿಗೆ ಈ ಭಾಗವನ್ನು ಆರು ತಿಂಗಳು ಹೇಳಿರಲಿಲ್ಲ.

೨೦೦೯ರ ಫೆಬ್ರವರಿ ೭ರಂದು ಅಮೇರಿಕದ ಈರೀ ಸರೋವರದಲ್ಲಿ ದೊಡ್ಡ ಗಡ್ಡೆಯೊಂದು ದಡದಿಂದ ಬಿಟ್ಟುಕೊಂಡು ತೇಲಿಹೋಯಿತು. ಮೀನು ಹಿಡಿಯಲು ಹೋದ ನೂರಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರು, ಗಾಳಿದೋಣಿಗಳಿಂದ ರಕ್ಷಿಸಬೇಕಾಯಿತು. ಒಬ್ಬನು ತೀರಿಕೊಂಡನು. ಬದುಕಿ ಬಂದವರಲ್ಲಿ ಅನೇಕರು ತಮ್ಮ ಗಾಡಿ, ಗಾಳಗಳನ್ನು ಗಡ್ಡೆಯ ಮೇಲೆಯೇ ಬಿಟ್ಟು ಬರಬೇಕಾಯಿತು. ಬಿಟ್ಟು ಬಂದದ್ದೇ ಬುದ್ಧಿವಂತಿಕೆ.

ನಾನು ಹತ್ತು ವರ್ಷದವನಿದ್ದಾಗ, ನಮ್ಮ ಊರಿನ ಬಾವಿಗೆ ತಾಮ್ರದ ಕೊಡ ಬೀಳಿಸಿದೆ. ಬೈಗುಳದ ಅಂಜಿಕೆಯಿಂದ, ಯಾರಿಗೂ ಹೇಳದೆ ಹಗ್ಗ ಹಿಡಿದು ಒಳಗೆ ಇಳಿದೆ. ಅರ್ಧದಲ್ಲಿ ಕೈ ಸೋತು, ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡು ಕೂಗತೊಡಗಿದೆ. ಇಬ್ಬರು ಬಂದು ಎಳೆದುಕೊಂಡರು. ಅಜ್ಜಿ ಮೊದಲು ತಬ್ಬಿಕೊಂಡಳು, ಆಮೇಲೆ ಹೊಡೆದಳು. "ಕೊಡ ಎತ್ತಲಿಕ್ಕೆ ಪಾತಾಳಗರಡಿ ಅದ, ನಿನ್ನ ಎತ್ತಲಿಕ್ಕೆ ಯಾವ ಗರಡಿ ತರಲೋ?" ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಹುಡುಗನಿಗೆ ಇದನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

ನಮ್ಮ ಮಿಲ್ಲಿನ ಉಗ್ರಾಣದ ಪುಸ್ತಕದಲ್ಲಿ, ಕಳೆದುಹೋದ ಸಾಮಾನನ್ನು ವಜಾ ಬರೆಯಲು ಒಂದು ಖಾನೆ ಇದೆ. ಹೊಸದಾಗಿ ಸೇರಿದಾಗ ಅದರಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತಿತ್ತು. ಈಗ ಆಗುವುದಿಲ್ಲ. ಹುಡುಕಬೇಕು, ಉಪಾಯ ಮಾಡಬೇಕು, ಜೊತೆಗಾರನನ್ನು ಕರೆಯಬೇಕು. ಸಿಗದಿದ್ದರೆ ವಜಾ ಬರೆದು ಮನೆಗೆ ಹೋಗಬೇಕು. ಗಾಳದ ಕೋಲಿಗೆ ಮೊದಲೇ ಒಂದು ಗೇಣು ದಾರ ಕಟ್ಟಿ ಪೀಠಕ್ಕೆ ಬಿಗಿದಿದ್ದರೆ ಈ ತಂಟೆಯೇ ಇರುತ್ತಿರಲಿಲ್ಲ ಎಂದು ಹುಡುಗನೇ ಒಪ್ಪಿಕೊಂಡ. ಈ ಚಳಿಗಾಲದಲ್ಲಿ ಕಟ್ಟುತ್ತೇನೆಂದು ಮಾತು ಕೊಟ್ಟು ಹೋಗಿದ್ದಾನೆ. ಒಬ್ಬನೇ ಹೋಗುವುದಿಲ್ಲವೆಂದೂ ಹೇಳಿದ್ದಾನೆ.

ನಿಮ್ಮ ಮಕ್ಕಳೂ ದೂರದೇಶಗಳಲ್ಲಿರಬಹುದು. ಮುಂದಿನ ಸಲ ಮಾತನಾಡುವಾಗ ಊಟವಾಯಿತೇ ಎಂದು ಕೇಳಿದ ಮೇಲೆ ಇದನ್ನೂ ಒಂದು ಮಾತು ಹೇಳಿರಿ.