ಹೊಳೆಯ ಸುದ್ದಿ ಹೇಳುವವರು ಯಾರು?

(ಘತ್ತರಗಿಯ ಸಭೆಯಲ್ಲಿ ಮಾಡಿದ ಭಾಷಣ)



ಭಾಗ್ಯವಂತಿಯ ಈ ಊರಿಗೂ ಬಾನುಲಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಊರ ಮಗ್ಗುಲಲ್ಲಿ ಹರಿಯುವ ಭೀಮೆಯೇ ಆ ಸಂಬಂಧ. ಇಲ್ಲಿ ಹನಿ ಮಳೆ ಬೀಳದಿದ್ದರೂ ಮಹಾರಾಷ್ಟ್ರದ ಉಜನಿಯ ಬಾಗಿಲು ತೆರೆದರೆ ಇಲ್ಲಿ ಹೊಳೆ ಏರುತ್ತದೆ. 2020ರ ಅಕ್ಟೋಬರದಲ್ಲಿ ಉಜನಿ, ವೀರ್ ಜಲಾಶಯಗಳ ನೀರು ಒಟ್ಟಾಗಿ ಬಂದಾಗ ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳು ಪಟ್ಟ ಪಾಡು ನಿಮಗೇ ಗೊತ್ತು. ನೀರು ಎಷ್ಟು ಬಿಟ್ಟರು, ಯಾವ ಹೊತ್ತಿಗೆ ಮುಟ್ಟುತ್ತದೆ, ಯಾವ ಸೇತುವೆ ಮುಚ್ಚಿದೆ? ಈ ಮೂರು ಮಾತನ್ನು ದಿಲ್ಲಿಯ ವಾರ್ತೆ ಹೇಳುವುದಿಲ್ಲ. ಮುಂಬಯಿಯಿಂದ ಬರುವ ಹಾಡಿನ ಕಾರ್ಯಕ್ರಮವೂ ಹೇಳುವುದಿಲ್ಲ. ಅದನ್ನು ಕಲಬುರಗಿಯೇ ಹೇಳಬೇಕು.

ಮೊಬೈಲು ಇದೆಯಲ್ಲ ಎನ್ನುವವರಿದ್ದಾರೆ. ಕರೆಂಟು ಹೋಗಿ ಟವರು ನಿಂತ ರಾತ್ರಿ ಎರಡು ಸೆಲ್ಲಿನ ರೇಡಿಯೋ ಮಾತಾಡುತ್ತದೆ. ಆದರೆ ಆ ರಾತ್ರಿ ಕೇಂದ್ರದಲ್ಲಿ ನಮ್ಮವರು ಕೂತಿರಬೇಕು. ಬೇರೆಡೆಯ ಕಾರ್ಯಕ್ರಮಕ್ಕೆ ತಂತಿ ಜೋಡಿಸಿ ಬಾಗಿಲು ಹಾಕಿಕೊಂಡು ಹೋಗಿರಬಾರದು.

ಈ ಕೇಂದ್ರ ನಮಗೆ ಸುಲಭವಾಗಿ ದಕ್ಕಿದ್ದಲ್ಲ. ನಿಜಾಮರ ಕಾಲದಲ್ಲಿ ನಾವು ಹೈದರಾಬಾದಿನ ಕಡೆ ಕಿವಿಗೊಟ್ಟು ಕೂತವರು. ಧಾರವಾಡದಲ್ಲಿ 1950ರಲ್ಲೇ ಆಕಾಶವಾಣಿ ಬಂತು. 1956ರಲ್ಲಿ ನಾಡು ಒಂದಾಯಿತು. ಅದಾಗಿ ಹತ್ತು ವರ್ಷಕ್ಕೆ, 1966ರಲ್ಲಿ, ಅಂದಿನ ಗುಲಬರ್ಗಾಕ್ಕೆ ತನ್ನದೇ ಕೇಂದ್ರ ಬಂತು. ಆಗಲೇ ನಮ್ಮ ಜವಾರಿ ಮಾತಿಗೂ ಕಡಕೋಳ ಮಡಿವಾಳಪ್ಪನ ತತ್ವಪದಕ್ಕೂ ಇಲ್ಲೇ ಒಂದು ಧ್ವನಿಪೆಟ್ಟಿಗೆ ಸಿಕ್ಕಿತು.

ಒಂದೇ ಕಡೆ ತಯಾರಿಸಿ ಎಲ್ಲ ಕಡೆ ಬಿತ್ತರಿಸಿದರೆ ಖರ್ಚು ಕಡಿಮೆಯೆಂಬುದು ಲೆಕ್ಕಿಗರ ವಾದ. ಆ ಲೆಕ್ಕದಲ್ಲಿ ಬೇಳೆ ಮಿಲ್ಲಿನ ಹಮಾಲನಿಲ್ಲ. ಮಾರುಕಟ್ಟೆಗೆ ತೊಗರಿ ಎಷ್ಟು ಬಂತೆಂಬುದರ ಮೇಲೆ ಅವನ ನಾಳೆಯ ಕೂಲಿ ನಿಂತಿದೆ. ಮುಂಬಯಿಯ ಶೇರುಪೇಟೆ ಏರಿದರೆ ಅವನಿಗೇನು? ಅದರಲ್ಲಿ ಸಣ್ಣ ಅಂಗಡಿಕಾರನೂ ಇಲ್ಲ. ದೇಶಕ್ಕೆಲ್ಲ ಕೇಳುವ ಜಾಹೀರಾತಿನ ದರ ಅವನ ಕೈಗೆ ಎಟುಕುವುದಲ್ಲ.

ಖಾಸಗಿಯವರು ಈ ಕೊರತೆ ತುಂಬುವರೇ? 2019ರಲ್ಲಿ ಸರಕಾರ ಖಾಸಗಿ ಎಫ್.ಎಂ.ಗಳಿಗೆ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಲು ಒಪ್ಪಿತು. ಸ್ವಂತ ಸುದ್ದಿ ತಯಾರಿಸಲು ಬಿಡಲಿಲ್ಲ. ಹೀಗಿರುವಾಗ ಆಕಾಶವಾಣಿಯೇ ಊರ ಸುದ್ದಿ ಬಿಟ್ಟರೆ ಅದನ್ನು ಎತ್ತಿಕೊಳ್ಳುವವರಾರು?

ನಾವು ದಿಲ್ಲಿಯ ವಾರ್ತೆಗೆ ವಿರೋಧಿಗಳಲ್ಲ. ದುಡಿಯುವವನಿಗೆ ದೇಶದ, ಲೋಕದ ತಿಳಿವೂ ಬೇಕು. ಸಂಜೆ ದಣಿದು ಬಂದವನಿಗೆ ಸಿನೆಮಾ ಹಾಡೂ ಬೇಕು. ಅದು ನಮ್ಮ ಹೊತ್ತನ್ನು ನುಂಗಬಾರದು, ಅಷ್ಟೇ.

ಕೇಳುಗನ ಕೈಯಲ್ಲಿ ಏನಿದೆ ಎಂದು ಎದೆಗುಂದಬೇಡಿ. 1952ರಲ್ಲಿ ಮಂತ್ರಿ ಕೇಸ್ಕರರು ಆಕಾಶವಾಣಿಯಲ್ಲಿ ಸಿನೆಮಾ ಹಾಡನ್ನು ಹತ್ತಿಕ್ಕಿದಾಗ ಜನ ಮುಳ್ಳನ್ನು ರೇಡಿಯೋ ಸಿಲೋನಿನ ಕಡೆ ತಿರುಗಿಸಿದರು. ಸರಕಾರವೂ ತಿರುಗಬೇಕಾಯಿತು, 1957ರಲ್ಲಿ ವಿವಿಧ ಭಾರತಿ ಹುಟ್ಟಿತು. ಬಾನಿನ ತರಂಗಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟೂ 1995ರಲ್ಲಿ ಹೇಳಿದೆ. ಸ್ವತ್ತಿನ ಒಡೆಯರು ಬೇಡುವುದಿಲ್ಲ, ಕೇಳುತ್ತಾರೆ.

ಆದ್ದರಿಂದ ನಮ್ಮ ಕೇಳಿಕೆ ಮೂರು: ಮುಂಜಾನೆ ಸಂಜೆಯ ಮುಖ್ಯ ಹೊತ್ತು ಜಿಲ್ಲೆಯ ಕಾರ್ಯಕ್ರಮಕ್ಕೇ ಇರಲಿ. ಹೊಳೆ ಏರಿದಾಗ ಯಾವ ಕಾರ್ಯಕ್ರಮವಿದ್ದರೂ ತಡೆದು ನೀರಿನ ಮಟ್ಟ ಹೇಳಲಿ. ಕೇಂದ್ರದ ಖಾಲಿ ಹುದ್ದೆಗಳನ್ನು ಈ ಸೀಮೆಯ ಮಾತು ಬಲ್ಲವರಿಂದ ತುಂಬಲಿ. ಪ್ರತಿ ಊರಿನಿಂದ ಒಂದು ಕಾಗದ, ಅದರ ಕೆಳಗೆ ನೂರು ಸಹಿ ಹೋಗಬೇಕು. ಮೊದಲನೆಯದು ಘತ್ತರಗಿಯಿಂದ ಹೋಗಲಿ.