ನುಡಿಗೂ ಕೂಲಿ ಬೇಕು
(ಹಾಸನದ ಸಭೆಯಲ್ಲಿ ಮಾಡಿದ ಭಾಷಣ)



ಮಾತಾಡುವ ಯಂತ್ರ ಬಂದಿದೆ. ಕೃತಕ ಬುದ್ಧಿಯೆಂದು ಅದರ ಹೆಸರು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುತ್ತದೆ. ಅದಕ್ಕೆ ಕನ್ನಡ ಕಲಿಸಿದವರು ಯಾರು? ಹತ್ತಿಯಿಲ್ಲದೆ ಗಿರಣಿ ನೂಲು ತೆಗೆಯದು; ಜನರ ಬರಹ, ಜನರ ದನಿ ಇಲ್ಲದೆ ಈ ಯಂತ್ರ ಒಂದು ಮಾತನ್ನೂ ಆಡದು.

ಹತ್ತಿಗೆ ಬೆಲೆಯುಂಟು. ಬರಹಕ್ಕೆ? ತನ್ನ ಬರಹವನ್ನು ಕೇಳದೆ ಬಳಸಿಕೊಂಡರೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2023ರ ಡಿಸೆಂಬರಿನಲ್ಲಿ ಓಪನ್ ಎಐ ಕಂಪನಿಯ ಮೇಲೆ ದಾವೆ ಹೂಡಿತು. ಆ ಪತ್ರಿಕೆಗೆ ವಕೀಲರಿದ್ದಾರೆ. ಅರಕಲಗೂಡಿನ ರೈತನಿಗೆ, ಚನ್ನರಾಯಪಟ್ಟಣದ ಕಾಯಿ ವ್ಯಾಪಾರಿಗೆ ಯಾರಿದ್ದಾರೆ?

ಬೇರೆ ದಾರಿಯೂ ಉಂಟು. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಯವರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿತು. 2023ರಲ್ಲಿ ಅದು ಕೊಟ್ಟ ಕೂಲಿ ಗಂಟೆಗೆ ಸುಮಾರು 5 ಡಾಲರ್, ಎಂದರೆ 400 ರೂಪಾಯಿ. ಆ ದನಿ ಮತ್ತೆ ಮಾರಾಟವಾದರೆ ಮತ್ತೆ ಪಾಲು. ಕೊಡಬಹುದೆಂದು ಇದರಿಂದ ಸ್ಪಷ್ಟವಾಯಿತು. ಆದರೆ ಅದು ಒಂದು ಸಂಸ್ಥೆಯ ಒಳ್ಳೆಯ ಮನಸ್ಸು. ಕಾನೂನು ಕೊಟ್ಟ ಹಕ್ಕಲ್ಲ.

ಮನೆಮನೆಗೆ ಸಾಮಾನು ತಲುಪಿಸುವ ಹುಡುಗರಂಥ ಗಿಗ್ ಕಾರ್ಮಿಕರಿಗೆ ಕರ್ನಾಟಕ 2025ರಲ್ಲಿ ಕಾನೂನು ಮಾಡಿತು. ದನಿ ಕೊಡುವವರಿಗೂ ಅಂಥದು ಆಗಬೇಕು.

ನಾವು ಯಂತ್ರದ ವಿರೋಧಿಗಳಲ್ಲ. ಪುಕ್ಕಟೆ ದುಡಿತದ ವಿರೋಧಿಗಳು. ನಾಳೆ ಹೊಳೆನರಸೀಪುರದ ಸಂತೆಗೆ ಯಾರಾದರೂ ಬಂದು ನಿಮ್ಮ ದನಿ ಕೇಳಿದರೆ, ಮೂರು ಮಾತು ಕೇಳಿ: ಕೂಲಿ ಎಷ್ಟು? ಮಾರುವುದು ಯಾರಿಗೆ? ಲಾಭದಲ್ಲಿ ನಮ್ಮ ಪಾಲೇನು? ಉತ್ತರ ಕಾಗದದ ಮೇಲೆ ಬರಲಿ. ಆಮೇಲೆ ಬಾಯಿ ತೆರೆಯೋಣ.