ಅನ್ನ ಹೊತ್ತು ಹೋಗುವವರ ಕ್ಷೇಮ
(ಉಪನ್ಯಾಸದ ಬರಹರೂಪ)



ಮಠವೆಂದೊಡನೆ ಭಕ್ತರ ಕಣ್ಣಮುಂದೆ ನಿಲ್ಲುವುದು ಪೂಜೆಯ ಬಳಿಕದ ಪಂಕ್ತಿ. ಊರು ಬಿಟ್ಟು ಬಂದ ಕುಟುಂಬಗಳಿಗೆ ಆರಾಧನೆಯ ದಿನದ ಎಲೆಯ ಮುಂದೆ ಕುಳಿತರೆ ಊರೇ ಮರಳಿ ದೊರೆತಂತೆ. 2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಪಂಕ್ತಿಗಳು ನಿಂತವು, ಹಸಿವು ನಿಲ್ಲಲಿಲ್ಲ. ಉಣ್ಣುವವರು ಬರಲಾರದಾದಾಗ ಅನ್ನವೇ ಅವರ ಬಾಗಿಲಿಗೆ ಹೋಗಬೇಕಾಯಿತು. 2021ರ ಏಪ್ರಿಲ್-ಮೇ ತಿಂಗಳ ಎರಡನೆಯ ಅಲೆಯಲ್ಲಂತೂ ಮನೆಮಂದಿಯೆಲ್ಲ ಏಕಕಾಲಕ್ಕೆ ಹಾಸಿಗೆ ಹಿಡಿದ ಮನೆಗಳಿಗೂ, ಮಕ್ಕಳು ವಿದೇಶದಲ್ಲಿರುವ ವೃದ್ಧ ದಂಪತಿಗಳಿಗೂ ಹೊರಗಿನಿಂದ ಬರುವ ಡಬ್ಬಿಯೊಂದೇ ಗತಿಯಾಗಿತ್ತು. ಆ ಡಬ್ಬಿಯ ರುಚಿಶುಚಿಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯಿತು. ಅದನ್ನು ಹೊತ್ತು ಹೋಗುವವನ ಕ್ಷೇಮದ ಬಗ್ಗೆ ನಡೆದದ್ದು ಕಡಿಮೆ.

‘ರಾಯರ ಕೆಲಸಕ್ಕೆ ಹೊರಟವನಿಗೆ ರೋಗವೆಲ್ಲಿಯದು?’ ಎಂಬ ಮಾತು ಭಕ್ತಿಯಿಂದಲೇ ಹುಟ್ಟುತ್ತದೆ. ಆದರೆ ಅದು ಸಿದ್ಧಾಂತಕ್ಕೆ ಒಪ್ಪುವ ಮಾತಲ್ಲ. ಜೀವನು ಅಸ್ವತಂತ್ರನೆಂದು ಸಾರಿದ ಶ್ರೀಮದಾಚಾರ್ಯರು ಅವನಿಗೆ ಕರ್ತೃತ್ವವೇ ಇಲ್ಲವೆಂದು ಹೇಳಲಿಲ್ಲ. ಭಗವದಧೀನವಾದ ಕರ್ತೃತ್ವ ಅವನಿಗುಂಟು. ಇಲ್ಲವಾದರೆ ವಿಧಿನಿಷೇಧಗಳಿಗೆ ಅರ್ಥವೇ ಉಳಿಯದು. ಭಗವಂತನು ಕೊಟ್ಟ ಬುದ್ಧಿಯನ್ನು ಬಳಸದೆ ಹೊರಟವನನ್ನು ಶ್ರದ್ಧಾವಂತನೆನ್ನುವುದು ಕಷ್ಟ. ಅದರಲ್ಲೂ ಅವನು ಸಂಜೆ ಮರಳುವುದು ವೃದ್ಧ ತಾಯಿತಂದೆಯರಿರುವ, ಎರಡೇ ಕೋಣೆಗಳ ಮನೆಗೆ.

ರೋಗವು ಬರುವ ದಾರಿ ತಿಳಿಯದೆ ಮಾಡಿದ ಪ್ರಯತ್ನ ಎಷ್ಟೇ ದೊಡ್ಡದಾದರೂ ವ್ಯರ್ಥವಾಗಬಹುದೆಂಬುದನ್ನು ಮುಂಬಯಿ ನಗರವೇ ಕಂಡಿದೆ. 1896ರಲ್ಲಿ ಅಲ್ಲಿಗೆ ಪ್ಲೇಗ್ ಬಂದಾಗ ಅಧಿಕಾರಿಗಳು ಚರಂಡಿಗಳನ್ನು ತೊಳೆಸಿದರು, ಕಾರ್ಬಾಲಿಕ್ ಆಮ್ಲವನ್ನು ಸುರಿಸಿದರು, ಮನೆಗಳಿಗೆ ಸುಣ್ಣ ಬಳಿಸಿದರು. ರೋಗವನ್ನು ದಾಟಿಸುತ್ತಿದ್ದುದು ಇಲಿಯ ಮೈಮೇಲಿನ ಚಿಗಟವೆಂದು ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ, ಕರಾಚಿಯಲ್ಲಿ. ಅದನ್ನು ಒಪ್ಪಿಕೊಳ್ಳಲು ಲೋಕಕ್ಕೆ ಇನ್ನೂ ಹಲವು ವರ್ಷಗಳು ಬೇಕಾದವು.

2020ರಲ್ಲಿಯೂ ಹೀಗೆಯೇ ಆಯಿತು. ಹಾಲಿನ ಪೊಟ್ಟಣ, ತರಕಾರಿ, ಚೀಲ, ಬಾಗಿಲ ಹಿಡಿಕೆ ಎಲ್ಲವನ್ನೂ ತೊಳೆದದ್ದೇ ತೊಳೆದದ್ದು. ಮಡಿಮೈಲಿಗೆಯ ಸಂಸ್ಕಾರವುಳ್ಳ ಮನೆಗಳಿಗೆ ಇದು ಸಹಜವಾಗಿಯೇ ಒಗ್ಗಿತು, ಏಕೆಂದರೆ ಮಡಿಯ ಲೆಕ್ಕವೆಲ್ಲ ಸ್ಪರ್ಶದ ಲೆಕ್ಕ. ಆದರೆ ಕೊರೋನಾ ಮುಖ್ಯವಾಗಿ ಉಸಿರಿನ ದಾರಿಯಲ್ಲಿ ಹರಡುತ್ತಿತ್ತು. ಸೋಂಕಿನ ವಸ್ತುವನ್ನು ಒಮ್ಮೆ ಮುಟ್ಟಿದ್ದರಿಂದ ರೋಗ ತಗಲುವ ಸಂಭವ ಸಾಮಾನ್ಯವಾಗಿ ಹತ್ತುಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆಯೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು 2021ರ ಏಪ್ರಿಲ್‌ನಲ್ಲಿ ತಿಳಿಸಿತು. ಕೈ ತೊಳೆಯುವುದು ಬೇಡವೆಂದಲ್ಲ. ಅನ್ನ ಮುಟ್ಟುವ ಕೈ ಎಂದಿಗೂ ಶುಚಿಯಾಗಿರಬೇಕು. ಕೈ ತೊಳೆದು ಮೂಗನ್ನು ಮರೆತರೆ ಪ್ರಯೋಜನವಿಲ್ಲ ಎಂಬುದಷ್ಟೇ ಇಲ್ಲಿನ ವಿಚಾರ. ಎಂಜಲಿನ ವಿಷಯದಲ್ಲಿ ಅಷ್ಟೊಂದು ಸೂಕ್ಷ್ಮವಾಗಿರುವ ಸಂಪ್ರದಾಯಕ್ಕೆ, ಮಾತನಾಡುವಾಗ ಬಾಯಿಂದ ಹೊರಡುವ ಕಣಗಳ ವಿಚಾರ ಹೊಸತಾಗಿರಬೇಕಾಗಿರಲಿಲ್ಲ!

ಹೀಗೆ ನೋಡಿದಾಗ ಅಪಾಯದ ಸ್ಥಳವೇ ಬದಲಾಗುತ್ತದೆ. ಸ್ವಯಂಸೇವಕನು ಅಂಜುವುದು ರೋಗಿಯ ಬಾಗಿಲಿಗೆ. ಡಬ್ಬಿಯನ್ನು ಹೊಸ್ತಿಲ ಹೊರಗಿಟ್ಟು, ಕರೆಗಂಟೆ ಒತ್ತಿ, ಮೆಟ್ಟಿಲಿಳಿದು ಹೋಗುವವನಿಗೆ ಅಲ್ಲಿ ಅಪಾಯ ಅಲ್ಪ. ಹೆಚ್ಚಿನ ಅಪಾಯ ಅದಕ್ಕೂ ಮೊದಲಿನ ಎರಡು ಗಂಟೆಗಳಲ್ಲಿ: ಹತ್ತು ಜನರು ಒಟ್ಟಿಗೆ ನಿಂತು ಪೊಟ್ಟಣ ಕಟ್ಟುವ ಇಕ್ಕಟ್ಟಿನ ಕೋಣೆಯಲ್ಲಿ, ಗಾಜು ಏರಿಸಿ ನಾಲ್ವರು ಕುಳಿತ ಕಾರಿನಲ್ಲಿ, ಕೆಲಸ ಮುಗಿಯಿತೆಂದು ಮಾಸ್ಕ್ ಕಳಚಿ ಕಾಫಿ ಕುಡಿಯುವ ಹೊತ್ತಿನಲ್ಲಿ. ಅಲ್ಲಿರುವವರೆಲ್ಲ ಪರಿಚಿತರು, ಸ್ನಾತರು, ಮಡಿಯುಟ್ಟವರು, ಶಂಕೆಗೆ ಎಡೆಯೆಲ್ಲಿ? ಮುಚ್ಚಿದ ಕೋಣೆಯಲ್ಲಿ ಗಟ್ಟಿಯಾಗಿ ವಿಷ್ಣುಸಹಸ್ರನಾಮ ಹೇಳುತ್ತ ಪೊಟ್ಟಣ ಕಟ್ಟುವುದು ಮನಸ್ಸಿಗೆ ಹಿತವೇ. ಆದರೆ ಉಚ್ಚಸ್ವರದ ಪಠನದಲ್ಲಿ ಉಸಿರಿನ ಕಣಗಳು ಮಾತಿಗಿಂತಲೂ ಹೆಚ್ಚಾಗಿ ಹೊರಬೀಳುತ್ತವೆ. ಅಂಥ ಕಾಲದಲ್ಲಿ ಮಾನಸಿಕ ಪಾರಾಯಣ ಸಾಕು.

ಆದುದರಿಂದ ವ್ಯವಸ್ಥೆ ಆರಂಭವಾಗಬೇಕಾದದ್ದು ಅಡಿಗೆಮನೆಯಿಂದ. ಕಿಟಕಿಗಳು ತೆರೆದಿರಬೇಕು, ಪೊಟ್ಟಣ ಕಟ್ಟುವ ಕೆಲಸ ಸಾಧ್ಯವಾದರೆ ಅಂಗಳದಲ್ಲಿ ಆಗಬೇಕು. ಅಡಿಗೆಯವರೂ ಹಂಚುವವರೂ ಒಂದೆಡೆ ಸೇರಕೂಡದು. ಹಂಚಲು ಹೋಗುವ ಇಬ್ಬರು ಪ್ರತಿದಿನವೂ ಅವರಿಬ್ಬರೇ ಆಗಿರಬೇಕು. ಒಬ್ಬನಿಗೆ ಜ್ವರ ಬಂದರೆ ಒಂದು ಜೋಡಿ ಮಾತ್ರ ಮನೆಯಲ್ಲಿ ಉಳಿಯುತ್ತದೆ, ಸೇವೆ ನಿಲ್ಲುವುದಿಲ್ಲ. ಮೂಗುಬಾಯಿಗಳಿಗೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಶಲ್ಯದ ತುದಿಯನ್ನು ಅಡ್ಡ ಹಿಡಿಯುವುದು ಗೌರವಸೂಚಕವಾಗಬಹುದು, ರಕ್ಷಣೆಯಾಗದು. ಕಿಕ್ಕಿರಿದ ಲಿಫ್ಟಿಗಿಂತ ಮೆಟ್ಟಿಲು ಲೇಸು. ಅನ್ನದ ವಿಷಯದಲ್ಲಿಯೂ ಒಂದು ಮಾತು: ಮುಂಬಯಿ-ಚೆನ್ನೈಗಳ ಮೇ ತಿಂಗಳ ಸೆಕೆಯಲ್ಲಿ ಮೊಸರನ್ನ ಮಧ್ಯಾಹ್ನದೊಳಗೇ ಹುಳಿಯುತ್ತದೆ. ಮನೆಗಳ ಸಂಖ್ಯೆಯನ್ನು ಮಿತಿಗೊಳಿಸಿದರೆ ಅನ್ನವೂ ಕೆಡದು, ಬಿಸಿಲಿನಲ್ಲಿ ಸ್ಕೂಟರ್ ಓಡಿಸುವವನೂ ಬಳಲುವುದಿಲ್ಲ.

ಬಾಗಿಲಲ್ಲಿ ಎದುರಾಗುವ ಕಷ್ಟ ಬೇರೆ ಬಗೆಯದು. ವಾರಗಟ್ಟಲೆ ಮನುಷ್ಯರ ಮುಖ ಕಾಣದ ಅಜ್ಜಿಯೊಬ್ಬರು ‘ಒಳಗೆ ಬಾರಪ್ಪಾ, ನೀರಾದರೂ ಕುಡಿ’ ಎಂದು ಕರೆದರೆ ಹಿಂದೆ ಸರಿಯುವುದು ಸುಲಭವಲ್ಲ. ಅದಕ್ಕಾಗಿಯೇ ದೂರವಾಣಿಯ ಸೇವೆ ಬೇಕು. ಅರವತ್ತು ದಾಟಿದ, ಮಧುಮೇಹ-ರಕ್ತದೊತ್ತಡಗಳುಳ್ಳ ಹಿರಿಯ ಸೇವಕರನ್ನು ‘ನಿಮಗೆ ವಯಸ್ಸಾಯಿತು, ಬರಬೇಡಿ’ ಎಂದು ಮನೆಗೆ ಕಳುಹಿಸುವ ಬದಲು ದಿನಕ್ಕೆ ಐದಾರು ಮನೆಗಳಿಗೆ ಕರೆ ಮಾಡುವ ಹೊಣೆ ವಹಿಸಬಹುದು. ಊಟ ಸೇರಿತೇ, ಆಕ್ಸಿಮೀಟರಿನ ಅಂಕೆ 94ಕ್ಕಿಂತ ಕೆಳಗಿಳಿಯಿತೇ ಎಂದು ಅವರು ಸಾವಧಾನದಿಂದ ಕೇಳಬಲ್ಲರು. ತರುಣನಿಗೆ ಬಾಗಿಲಲ್ಲಿ ನಿಲ್ಲುವ ಕಾರಣವೇ ಇರುವುದಿಲ್ಲ.

ಎರಡನೆಯ ಅಲೆಯಲ್ಲಿ ವಿಚಿತ್ರವಾದ ಇಕ್ಕಟ್ಟೊಂದಿತ್ತು. 2021ರ ಏಪ್ರಿಲ್ 1ರಿಂದ ಲಸಿಕೆ ದೊರೆತದ್ದು 45 ವರ್ಷ ತುಂಬಿದವರಿಗೆ. ಹದಿನೆಂಟು ತುಂಬಿದವರ ಸರದಿ ಬಂದದ್ದು ಮೇ 1ರಂದು, ಅದೂ ಕೊರತೆಯ ನಡುವೆ. ಲಸಿಕೆ ಪಡೆದವರು ವಯಸ್ಸಿನ ಕಾರಣದಿಂದ ಹೊರಗೆ ಹೋಗುವಂತಿರಲಿಲ್ಲ, ಹೋಗಬಲ್ಲವರಿಗೆ ಲಸಿಕೆಯಾಗಿರಲಿಲ್ಲ. ರೋಗವು ಅತ್ಯಂತ ತೀವ್ರವಾಗಿದ್ದ ವಾರಗಳಲ್ಲಿ ಅನ್ನ ಹೊತ್ತವರಲ್ಲಿ ಬಹುಮಂದಿ ಆ ಬಲವಿಲ್ಲದೆಯೇ ಹೊತ್ತರು.

ಕೊನೆಯದಾಗಿ, ಜ್ವರವನ್ನು ಮುಚ್ಚಿಡುವ ವಿಚಾರ. ಸೇವೆ ತಪ್ಪಿತೆಂಬ ಸಂಕೋಚದಿಂದ ಮಾತ್ರೆ ನುಂಗಿ ಬಂದು ಸಾಲಿನಲ್ಲಿ ನಿಲ್ಲುವವನು ನಿಷ್ಠಾವಂತನೇ ಇರಬಹುದು. ಅವನು ನಾಳೆಯೂ ಹಾಗೆ ಬಾರದಂತೆ ನೋಡಿಕೊಳ್ಳುವುದು ವ್ಯವಸ್ಥಾಪಕರ ಕೈಯಲ್ಲಿದೆ. ಬೆಳಿಗ್ಗೆ ಹಾಜರಿ ಬರೆಯುವಾಗಲೇ ಗಂಟಲು ನೋವು, ಕೆಮ್ಮು, ಮೈಬಿಸಿಗಳನ್ನು ವಿಚಾರಿಸಿ, ಹೌದೆಂದವನಿಗೆ ಒಂದು ಮಾತೂ ಆಡದೆ ಮನೆಗೆ ಕಳುಹಿಸಿ, ಅಂದು ಮಧ್ಯಾಹ್ನದ ಪಟ್ಟಿಯಲ್ಲಿ ಅವನ ಮನೆಯ ವಿಳಾಸವನ್ನೂ ಸೇರಿಸಿ ಅವನ ಬಾಗಿಲಿಗೂ ಒಂದು ಡಬ್ಬಿ ಮುಟ್ಟಿಸಬೇಕು.

ಶ್ರೀಕೃಷ್ಣಾರ್ಪಣಮಸ್ತು